ಎಫ್ 43ರಿಂದ ಎಫ್ 33ರವರೆಗೆ: ನನ್ನ ಡಿಪ್ರೆಷನ್ನಿನ ಹೆಸರುಗಳು

"ಮೇಡಂ, ನಿಮಗಿರೋದು ಬರೀ ಡಿಪ್ರೆಷನ್ನಾ, ಇಲ್ಲಾ ಕ್ಲಿನಿಕಲ್ ಡಿಪ್ರೆಷನ್ನಾ?" ಅಂತ ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವರ ತಂಗಿಯ ಚೀಟಿಯಲ್ಲೂ ಏನೋ ಒಂದು ಉದ್ದದ ಹೆಸರು ಬರೆದಿದ್ದರಂತೆ, ಅದು ಜಾಸ್ತಿಯೋ ಕಮ್ಮಿಯೋ ಅಂತ ಅವರಿಗೆ ಗೊತ್ತಾಗಬೇಕಿತ್ತು. ಆಗ ನನಗೂ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು. ಕ್ಲಿನಿಕಲ್ ಡಿಪ್ರೆಷನ್ ಅನ್ನುವ ಹೆಸರಿನ ಕಾಯಿಲೆ ಮನೋವೈದ್ಯರ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಡಾಕ್ಟರುಗಳು ನೋಡುವ ಪುಸ್ತಕ ಮುಖ್ಯವಾಗಿ ಎರಡು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಒಂದು, ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ ಇನ್ನೊಂದು. ಎರಡರಲ್ಲೂ ಅದಕ್ಕೆ ಜಾಗ ಇಲ್ಲ. 'ಇದು ಸಾಧಾರಣ ಬೇಜಾರಲ್ಲ, ಚಿಕಿತ್ಸೆ ಬೇಕು' ಅಂತ ಹೇಳುವುದಕ್ಕೆ ಜನ ಆ ಮಾತು ಬಳಸುತ್ತಾರೆ, ಅಷ್ಟೇ.

ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಒಂದೇ ಖರ್ಚನ್ನು ಯಾವ ಹೆಡ್ಡಿಗೆ ಹಾಕಬೇಕು ಅಂತ ಮಕ್ಕಳಿಗೆ ಹೇಳಿಕೊಡುವುದೇ ನನ್ನ ಕೆಲಸ. ಆದರೆ ನನ್ನನ್ನೇ ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತಾ ಹೋದಾಗ ತಲೆ ಕೆಟ್ಟಿತು. ಒಂದೂವರೆ ವರ್ಷದೊಳಗೆ ನನ್ನ ಫೈಲಿನಲ್ಲಿ ನಾಲ್ಕು ಬೇರೆ ಬೇರೆ ಹೆಸರು ಬಂದವು. ಡಾಕ್ಟರ್ ಒಬ್ಬರೇ, ಮಾತ್ರೆಯೂ ಹೆಚ್ಚುಕಮ್ಮಿ ಒಂದೇ. ಹಾಗಾದರೆ ಹೆಸರು ಯಾಕೆ ಬದಲಾಗಬೇಕು?

ಶುರುವಾಗಿದ್ದು ಮೈಕೈ ನೋವಿನಿಂದ. 2023ರ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡರು. ಕಾರ್ಯ ಎಲ್ಲಾ ಮುಗಿದು ಕಾಲೇಜಿಗೆ ವಾಪಸ್ ಹೋದ ಮೇಲೆ ಬೆನ್ನು ನೋವು, ಸುಸ್ತು, ಎದೆಯ ಮೇಲೆ ಏನೋ ಕೂತ ಹಾಗೆ. ನಮ್ಮ ಮಾಮೂಲಿ ಡಾಕ್ಟರ ಹತ್ತಿರ ಹೋದೆ. ಅವರು ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಬರೆದರು. ಥೈರಾಯ್ಡ್ ಕಮ್ಮಿಯಾದರೂ ಮನಸ್ಸು ಹೀಗೇ ಕುಗ್ಗುತ್ತದಂತೆ, ರಕ್ತ ಕಮ್ಮಿಯಾದರೂ ಇದೇ ಸುಸ್ತು. ಮೊದಲು ಅದನ್ನು ನೋಡಿಬಿಡಬೇಕು ಅಂದರು. ಬಿ12 ಸ್ವಲ್ಪ ಕಮ್ಮಿ ಇತ್ತು, ಇಂಜೆಕ್ಷನ್ ಕೊಟ್ಟರು. ಉಳಿದದ್ದೆಲ್ಲ ಸರಿ ಇತ್ತು. ಸುಸ್ತು ಹೋಗಲಿಲ್ಲ. "ಒಂದ್ಸಲ ಸೈಕಿಯಾಟ್ರಿಸ್ಟ್ ಹತ್ರ ತೋರಿಸಿಬಿಡಿ ಮೇಡಂ" ಅಂದರು. ಚೀಟಿಯ ಮೂಲೆಯಲ್ಲಿ ಡಿಪ್ರೆಷನ್ ಅಂತ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು.

ಸೈಕಿಯಾಟ್ರಿಸ್ಟ್ ಹೆಣ್ಣುಮಗಳು, ನನಗಿಂತ ಚಿಕ್ಕವರು. ಮೊದಲ ಸಲ ಅವರು ಬರೆದದ್ದು ಅಡ್ಜಸ್ಟ್‌ಮೆಂಟ್ ಡಿಸಾರ್ಡರ್, ಐಸಿಡಿಯ ಕೋಡಿನಲ್ಲಿ ಎಫ್ 43.2. ಬದುಕಿನಲ್ಲಿ ಏನೋ ದೊಡ್ಡದು ನಡೆದಿರುತ್ತದೆ: ಸಾವು, ಡೈವೋರ್ಸ್, ಕೆಲಸ ಹೋಗುವುದು. ಅದಾಗಿ ಸುಮಾರು ಒಂದು ತಿಂಗಳೊಳಗೆ ಮನಸ್ಸು ಕೆಡುತ್ತದೆ. ದಿನದ ಕೆಲಸಕ್ಕೆ ತೊಂದರೆ ಆಗುತ್ತದೆ, ಆದರೆ ಡಿಪ್ರೆಷನ್ ಅಂತ ಕರೆಯುವಷ್ಟು ಲಕ್ಷಣಗಳು ಕೂಡಿರುವುದಿಲ್ಲ. ಆ ಒತ್ತಡ ಹೋದ ಮೇಲೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಸರಿಹೋಗುತ್ತದೆ. ನನ್ನ ಲೆಕ್ಕಕ್ಕೆ ಅದು ಸರಿಯಾಗಿಯೇ ಇತ್ತು. ಅಪ್ಪ ಹೋಗಿ ಇನ್ನೂ ಸ್ವಲ್ಪ ದಿನ ಆಗಿತ್ತು, ಅತ್ತರೆ ಹಗುರ ಆಗುತ್ತಿತ್ತು, ಮಗಳು ಏನಾದರೂ ತಮಾಷೆ ಮಾಡಿದರೆ ನಗು ಬರುತ್ತಿತ್ತು. ಮಾತ್ರೆ ಕೊಡಲಿಲ್ಲ. ಮಾತಾಡಲು ಕೌನ್ಸೆಲರ್ ಹತ್ತಿರ ಕಳಿಸಿದರು, ದಿನಾ ನಡೆಯಲು ಹೇಳಿದರು. ಕುಂದುವಾಡ ಕೆರೆಗೆ ಬೆಳಗ್ಗೆ ಹೋಗಲು ಶುರು ಮಾಡಿದೆ. ಅವ್ವ, "ಉಕ್ಕಡಗಾತ್ರಿಗೆ ಒಂದ್ಸಲ ಹೋಗಿ ಬರೋಣ ಬಾರೇ" ಅಂದಳು. ಅಮಾವಾಸ್ಯೆ ದಿನ ಹೋಗಿ ಕರಿಬಸಜ್ಜನಿಗೆ ಕೈಮುಗಿದು ಬಂದೆವು. ಡಾಕ್ಟರಿಗೆ ಹೇಳಿದೆ. ಅವರು ಬೇಡ ಅನ್ನಲಿಲ್ಲ, ಮುಂದಿನ ಅಪಾಯಿಂಟ್‌ಮೆಂಟ್ ಮಾತ್ರ ತಪ್ಪಿಸಬೇಡಿ ಅಂದರು.

ಗಣೇಶನ ಹಬ್ಬದ ಹೊತ್ತಿಗೆ ಅದು ಬೇರೆಯೇ ಆಗಿತ್ತು. ಬೆಳಗಿನ ಜಾವ ಮೂರೂವರೆ, ನಾಲ್ಕಕ್ಕೆ ಎಚ್ಚರ. ಆಮೇಲೆ ನಿದ್ದೆ ಇಲ್ಲ. ಬೆಳಗ್ಗೆ ಹೊತ್ತು ಕೈಕಾಲು ಎತ್ತಲು ಆಗದಷ್ಟು ಭಾರ, ಸಂಜೆಗೆ ಸ್ವಲ್ಪ ವಾಸಿ. ಊಟ ಸೇರುತ್ತಿರಲಿಲ್ಲ. ಬೆಣ್ಣೆದೋಸೆ ತಂದಿಟ್ಟರೂ ತಿನ್ನಬೇಕು ಅನ್ನಿಸಲಿಲ್ಲ, ನಮ್ಮೂರಿನವರಿಗೆ ಇದಕ್ಕಿಂತ ದೊಡ್ಡ ಲಕ್ಷಣ ಬೇಕಾ? ಪಾಠ ಮಾಡುವಾಗ ಅರ್ಧ ವಾಕ್ಯಕ್ಕೆ ನಿಂತುಬಿಡುತ್ತಿದ್ದೆ. ಇಷ್ಟರ ಮೇಲೆ, ಎಲ್ಲಾ ನನ್ನಿಂದಲೇ ಆಯಿತು ಅನ್ನುವ ಯೋಚನೆ ಬೇರೆ. ಅಪ್ಪನನ್ನು ಬೇರೆ ಆಸ್ಪತ್ರೆಗೆ ಸೇರಿಸಬೇಕಿತ್ತು ಅನ್ನುವುದರಿಂದ ಹಿಡಿದು, ಹತ್ತು ವರ್ಷದ ಹಿಂದೆ ಯಾರಿಗೋ ಆಡಿದ ಮಾತಿನವರೆಗೆ.

ಡಾಕ್ಟರ್ ಆವತ್ತು ತುಂಬಾ ಹೊತ್ತು ಕೂರಿಸಿಕೊಂಡರು. ದುಃಖಕ್ಕೂ ಡಿಪ್ರೆಷನ್ನಿಗೂ ಇರುವ ವ್ಯತ್ಯಾಸ ನನಗೆ ಅರ್ಥವಾದದ್ದು ಅವರು ಕೇಳಿದ ಪ್ರಶ್ನೆಗಳಿಂದಲೇ. ಅಪ್ಪನ ನೆನಪು ಬಂದಾಗ ಮಾತ್ರ ಸಂಕಟ ಆಗುತ್ತಾ, ಇಡೀ ದಿನ ಹಾಗೇ ಇರುತ್ತಾ? ಅಪ್ಪ ಇಲ್ಲ ಅಂತ ಬೇಜಾರಾ, ನಾನೇ ಯಾಕೆ ಬದುಕಿದ್ದೀನಿ ಅಂತಲಾ? ಒಳ್ಳೆಯ ನೆನಪು ಬಂದರೆ ಮನಸ್ಸು ತಿಳಿಯಾಗುತ್ತಾ? ದುಃಖದಲ್ಲಿ ಇರುವವರಿಗೆ ಸಂಕಟ ಬಂದು ಹೋಗಿ ಮಾಡುತ್ತದೆ, ತಮ್ಮ ಮೇಲಿನ ಗೌರವ ಸಾಮಾನ್ಯವಾಗಿ ಉಳಿದಿರುತ್ತದೆ. ನನ್ನಲ್ಲಿ ಎರಡೂ ಇರಲಿಲ್ಲ. ಸಾವಿನ ಬಗ್ಗೆಯೂ ನೇರವಾಗಿ ಕೇಳಿದರು. ಬೆಳಗ್ಗೆ ಏಳದೇ ಹೋದರೆ ಚೆನ್ನಾಗಿತ್ತು ಅನ್ನಿಸುತ್ತೆ ಅಂದೆ. ಏನಾದರೂ ಮಾಡಿಕೊಳ್ಳಬೇಕು ಅಂತ ಯೋಚನೆ ಬಂದಿದೆಯಾ ಅಂತಲೂ ಬಿಡಿಸಿ ಕೇಳಿದರು. ಇಲ್ಲ ಅಂದೆ. ಹಾಗೆ ಕೇಳಿದ್ದರಿಂದ ನನಗೆ ಹೆದರಿಕೆ ಆಗಲಿಲ್ಲ, ಯಾರೋ ಕೊನೆಗೂ ಕೇಳಿದರಲ್ಲ ಅನ್ನಿಸಿತು. ರಾತ್ರಿ ತೀರಾ ಕಷ್ಟ ಆದರೆ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ ಅಂತ ಬರೆದುಕೊಟ್ಟರು. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಸಹಾಯವಾಣಿ. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ಆವತ್ತಿನ ಚೀಟಿಯಲ್ಲಿ ಎಫ್ 32.11. ಮಾಡರೇಟ್ ಡಿಪ್ರೆಸಿವ್ ಎಪಿಸೋಡ್, ವಿತ್ ಸೊಮ್ಯಾಟಿಕ್ ಸಿಂಡ್ರೋಮ್. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಒಂದೊಂದು ಅಂಕಿಯೂ ಒಂದೊಂದು ಪ್ರಶ್ನೆಗೆ ಉತ್ತರ. 32 ಅಂದರೆ ಇದು ಒಂದೇ ಸಲ ಬಂದದ್ದು, ಹಿಂದೆ ಬಂದಿಲ್ಲ. ಚುಕ್ಕಿಯ ನಂತರದ 1 ಎಷ್ಟು ಆಳ ಅನ್ನುವುದಕ್ಕೆ: 0 ಸೌಮ್ಯ, 1 ಮಧ್ಯಮ, 2 ತೀವ್ರ. ಕೊನೆಯ 1, ದೇಹದ ಲಕ್ಷಣಗಳೂ ಇವೆ ಅಂತ. ಜಾವದ ಎಚ್ಚರ, ಬೆಳಗ್ಗೆ ಜಾಸ್ತಿ ಸಂಜೆ ಕಮ್ಮಿ, ಊಟ ಸೇರದಿರುವುದು, ಇವೆಲ್ಲ ಅದರ ಕೆಳಗೆ. ಆಳವನ್ನು ಅಳೆಯುವುದು ಹೀಗೆ: ಕುಗ್ಗಿದ ಮನಸ್ಸು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಸುಸ್ತು. ಈ ಮೂರರಲ್ಲಿ ಎರಡಾದರೂ ಇರಬೇಕು. ಜೊತೆಗೆ ನಿದ್ದೆ, ಊಟ, ಗಮನ, ತಪ್ಪಿತಸ್ಥ ಭಾವನೆ ಇಂಥವು ಮೂರೋ ನಾಲ್ಕೋ. ಸಾಮಾನ್ಯವಾಗಿ ಎರಡು ವಾರವಾದರೂ ಬಿಡದೆ ಇರಬೇಕು. ಇದು ಐಸಿಡಿಯ ಹತ್ತನೇ ಆವೃತ್ತಿಯ ಲೆಕ್ಕ. ಹನ್ನೊಂದನೆಯದು 2022ರ ಜನವರಿಯಿಂದ ಜಾರಿಗೆ ಬಂದಿದೆ, ಅದರಲ್ಲಿ ಕೋಡುಗಳೇ ಬೇರೆ. ನನ್ನ ಡಾಕ್ಟರ್ ಬರೆಯುತ್ತಿದ್ದದ್ದು ಹಳೆಯ ಕೋಡು.

ಡಲ್ಲಾಸ್‌ನಲ್ಲಿರುವ ಅಕ್ಕನ ಮಗನಿಗೆ ಇದರ ಫೋಟೋ ಕಳಿಸಿದೆ. "ಚಿಕ್ಕಮ್ಮ, ಇಲ್ಲಿ ಇದಕ್ಕೆ ಮೇಜರ್ ಡಿಪ್ರೆಸಿವ್ ಡಿಸಾರ್ಡರ್ ಅಂತಾರೆ" ಅಂದ. ಮೇಜರ್ ಅಂತ ಕೇಳಿ ನಮ್ಮ ಮನೆಯವರ ಮುಖ ಸಣ್ಣದಾಯಿತು. ಮೇಜರ್ ಆಪರೇಷನ್ ಅಂತೀವಲ್ಲ, ಆ ಥರ ಅಂದುಕೊಂಡರು. ಹಾಗಲ್ಲ. ಡಿಎಸ್‌ಎಂ ಪ್ರಕಾರ ಒಂಬತ್ತು ಲಕ್ಷಣಗಳಲ್ಲಿ ಐದು, ಎರಡು ವಾರ ಇದ್ದರೆ ಸಾಕು. ಆ ಐದರಲ್ಲಿ ಕುಗ್ಗಿದ ಮನಸ್ಸೋ ಆಸಕ್ತಿ ಇಲ್ಲದಿರುವುದೋ ಒಂದಾದರೂ ಇರಲೇಬೇಕು. ಮೇಜರ್ ಆದರೂ ಅದರೊಳಗೆ ಮತ್ತೆ ಸೌಮ್ಯ, ಮಧ್ಯಮ, ತೀವ್ರ ಅಂತ ಇದೆ. 'ಸೌಮ್ಯವಾದ ಮೇಜರ್ ಡಿಪ್ರೆಷನ್' ಅಂತ ಬರೆದರೆ ಅದು ಸರಿಯಾದ ರೋಗನಿರ್ಣಯವೇ. ಇಂಥ ಹೆಸರಿಟ್ಟವರು ರೋಗಿಯ ಮನೆಯವರನ್ನು ಒಂದ್ಸಲ ನೆನೆಸಿಕೊಂಡಿದ್ದರೆ ಚೆನ್ನಾಗಿರುತ್ತಿತ್ತು.

ಕೌನ್ಸೆಲರ್ ಕೊಟ್ಟ ಪಿಎಚ್‌ಕ್ಯೂ-9 ಹಾಳೆ ಇನ್ನೊಂದು ಗೊಂದಲ ತಂದಿತು. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಮೂರು, ಒಟ್ಟು 27. ನನಗೆ 16 ಬಂತು. ಹದಿನೈದರಿಂದ ಹತ್ತೊಂಬತ್ತು ಅಂದರೆ 'ಮಾಡರೇಟ್ಲಿ ಸಿವಿಯರ್'. ಡಾಕ್ಟರ್ ಮಾಡರೇಟ್ ಅಂತಾರೆ, ಹಾಳೆ ಅರ್ಧ ಸಿವಿಯರ್ ಅನ್ನುತ್ತೆ, ಯಾರನ್ನು ನಂಬಬೇಕು? ಹಾಳೆ ಬರೀ ಅಳತೆಯ ಪಟ್ಟಿ, ಅದು ಕಾಯಿಲೆಯ ಹೆಸರು ಹೇಳುವುದಿಲ್ಲ ಅಂದರು ಡಾಕ್ಟರ್. ಥೈರಾಯ್ಡಿನವರಿಗೂ 16 ಬರಬಹುದು, ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಕುಗ್ಗಿ ಇನ್ನೊಮ್ಮೆ ವಿಪರೀತ ಹುರುಪಿಗೆ ಏರುವ ಕಾಯಿಲೆ ಇರುವವರಿಗೂ ಬರಬಹುದು. ಮುಂದಿನ ತಿಂಗಳು ಅದೇ ಹಾಳೆ ತುಂಬಿಸಿ ಇಳಿದಿದೆಯಾ ಅಂತ ನೋಡಲಿಕ್ಕೆ ಅದು ಚೆನ್ನಾಗಿದೆ.

ಎಸಿಟಲೋಪ್ರಾಮ್ ಅನ್ನುವ ಡಿಪ್ರೆಷನ್ ಮಾತ್ರೆ ಶುರು ಮಾಡಿದರು. ಮೊದಲ ವಾರ ಹೊಟ್ಟೆ ತೊಳಸಿತು. ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು ಅಂತ ಮೊದಲೇ ಹೇಳಿದ್ದರಿಂದ ಕಾದೆ.

ಆದರೆ ಮಾತ್ರೆ ಬರೆಯುವ ಮೊದಲು ಅವರು ಬೇರೆ ಒಂದು ವಿಷಯ ಕೆದಕಿ ಕೆದಕಿ ಕೇಳಿದ್ದರು. ಯಾವಾಗಲಾದರೂ ಒಂದಷ್ಟು ದಿನ ನಿದ್ದೆ ಕಮ್ಮಿ ಮಾಡಿದರೂ ಸುಸ್ತಾಗದೆ, ವಿಪರೀತ ಹುರುಪಿನಲ್ಲಿ ಇದ್ದಿರಾ? ಸಿಕ್ಕಾಪಟ್ಟೆ ಮಾತು, ಸಿಕ್ಕಾಪಟ್ಟೆ ಖರ್ಚು? ನನ್ನನ್ನು ಕೇಳಿದ್ದು ಸಾಲದು ಅಂತ ನಮ್ಮ ಮನೆಯವರನ್ನೂ ಕೇಳಿದರು. ಅವರು, "ಖರ್ಚಾ? ಹತ್ತು ರೂಪಾಯಿಗೂ ಲೆಕ್ಕ ಬರೀತಾಳೆ ಡಾಕ್ಟ್ರೇ" ಅಂದರು. ಡಿಪ್ರೆಷನ್ ಇದೆ ಅಂತ ಬರುವವರಲ್ಲಿ ಕೆಲವರಿಗೆ ನಿಜಕ್ಕೂ ಇರುವುದು ಬೈಪೋಲಾರ್. ಕುಗ್ಗಿದಾಗ ಇಬ್ಬರೂ ಒಂದೇ ಥರ ಕಾಣುತ್ತಾರೆ. ಬೈಪೋಲಾರ್ ಇರುವವರಿಗೆ ಡಿಪ್ರೆಷನ್ ಮಾತ್ರೆ ಒಂದನ್ನೇ ಕೊಟ್ಟರೆ ಮನಸ್ಸು ಆ ಕಡೆಯ ತುದಿಗೆ ಹಾರುವ ಅಪಾಯ ಇದೆ. ಬೇರೆ ಹೆಸರುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ನಡೆಯುತ್ತದೆ, ಈ ಒಂದು ಗೆರೆ ಮಾತ್ರ ಸರಿಯಾಗಿ ಬೀಳಬೇಕು ಅಂತ ನನಗೆ ಆವತ್ತು ಅರ್ಥವಾಯಿತು.

ನಮ್ಮ ಸಂಬಂಧದಲ್ಲಿ ಒಬ್ಬರು ಹಿರಿಯರು, ರಿಟೈರ್ ಆದ ಡಾಕ್ಟರ್. ನೋಡಲು ಬಂದವರು, "ಎಂಡೋಜೀನಸ್ಸಾ, ರಿಯಾಕ್ಟಿವ್ವಾ?" ಅಂತ ಕೇಳಿದರು. ಒಳಗಿನಿಂದ ಬಂದದ್ದೋ, ಹೊರಗಿನ ಏಟಿನಿಂದ ಬಂದದ್ದೋ ಅಂತ ಅವರ ಕಾಲದಲ್ಲಿ ವಿಂಗಡಿಸುತ್ತಿದ್ದರಂತೆ. 1980ರ ಡಿಎಸ್‌ಎಂ-3ರಿಂದ ಈಚೆಗೆ ಆ ಭಾಗ ಮಾಡುವುದು ಹೆಚ್ಚುಕಮ್ಮಿ ನಿಂತಿದೆ. ಕಾರಣ ಇದ್ದು ಶುರುವಾದದ್ದೂ ಬೇರೂರಬಹುದು, ಕಾರಣವೇ ಕಾಣದೆ ಬಂದದ್ದೂ ಹಗುರವಾಗಿರಬಹುದು. ನನ್ನದನ್ನೇ ನೋಡಿ, ಅಪ್ಪನ ಸಾವಿನಿಂದ ಶುರುವಾಯಿತು, ಲಕ್ಷಣ ನೋಡಿದರೆ ಹಳೆಯ ಪುಸ್ತಕದ ಎಂಡೋಜೀನಸ್.

ಈಗ ಮೂರನೇ ಹೆಸರಿಗೆ ಬರುತ್ತೇನೆ. ಸ್ವಲ್ಪ ಸುಧಾರಿಸಿಕೊಂಡಿದ್ದೆ. ಒಂದು ದಿನ ಅವ್ವ ನನ್ನ ಜೊತೆ ಬಂದಿದ್ದಳು. ಡಾಕ್ಟರ್ ಮುಂದೆ ಕೂತು, "ಇದು ಈಗಿಂದಲ್ರೀ. ಎರಡನೇ ಬಾಣಂತನದಾಗೂ ಹಿಂಗೇ ಆಗಿತ್ತು. ಕೂಸು ಅತ್ರೂ ನೋಡ್ತಿರಲಿಲ್ಲ, ಗ್ವಾಡೆ ನೋಡ್ಕೊಂಡು ಕುಂದ್ರೋಳು" ಅಂದಳು. ಆಗ ಎಲ್ಲರೂ ನಂಜು, ನಿಶ್ಶಕ್ತಿ ಅಂದುಕೊಂಡಿದ್ದರು. ಡಾಕ್ಟರ್ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಆವತ್ತಿನಿಂದ ಇವತ್ತಿನವರೆಗೆ, ನಡುವೆ ಚೆನ್ನಾಗಿದ್ದಿರಾ?

ಈ ಪ್ರಶ್ನೆಯ ಮೇಲೆ ಎರಡು ದಾರಿ ನಿಂತಿದ್ದವು. ನಡುವೆ ಕೆಲವು ತಿಂಗಳಾದರೂ ಪೂರಾ ಸರಿಯಾಗಿದ್ದು ಮತ್ತೆ ಬಂದಿದ್ದರೆ ಅದು ಮರುಕಳಿಸುವ ಡಿಪ್ರೆಷನ್, ಎಫ್ 33. ಸರಿಯಾಗದೆ ಸಣ್ಣಗೆ ಎರಡು ವರ್ಷಕ್ಕಿಂತ ಜಾಸ್ತಿ ಎಳೆದಿದ್ದರೆ ಅದು ಡಿಸ್ಥೈಮಿಯಾ, ಎಫ್ 34.1. ಅದು ಆಳ ಕಮ್ಮಿ, ಉದ್ದ ಜಾಸ್ತಿ. ಇಂಥವರು ಕೆಲಸಕ್ಕೆ ಹೋಗುತ್ತಾರೆ, ಮದುವೆ ಮುಂಜಿ ಮಾಡುತ್ತಾರೆ, 'ಅವಳ ಸ್ವಭಾವವೇ ಹಾಗೆ' ಅನ್ನಿಸಿಕೊಂಡು ಬದುಕುತ್ತಾರೆ. ಅದರ ಮೇಲೆ ಜೋರಾದ ಎಪಿಸೋಡ್ ಒಂದು ಬಂದು ಕೂತರೆ ಡಬಲ್ ಡಿಪ್ರೆಷನ್ ಅನ್ನುತ್ತಾರೆ. 2013ರ ಡಿಎಸ್‌ಎಂ-5ರಲ್ಲಿ ಡಿಸ್ಥೈಮಿಯಾವನ್ನೂ ವರ್ಷಗಟ್ಟಲೆ ಬಿಡದ ಮೇಜರ್ ಡಿಪ್ರೆಷನ್ನನ್ನೂ ಸೇರಿಸಿ ಪರ್ಸಿಸ್ಟೆಂಟ್ ಡಿಪ್ರೆಸಿವ್ ಡಿಸಾರ್ಡರ್ ಅಂತ ಒಂದೇ ಹೆಸರು ಮಾಡಿದರು.

ನನಗೆ ಉತ್ತರ ಗೊತ್ತಿರಲಿಲ್ಲ. ಡಿಪ್ರೆಷನ್ನಿನಲ್ಲಿ ಇದ್ದಾಗ ಹಿಂದಿನದೆಲ್ಲ ಬೂದಿ ಬಣ್ಣದಲ್ಲೇ ಕಾಣುತ್ತದೆ. ನಾನು ಯಾವತ್ತೂ ಖುಷಿಯಾಗಿ ಇರಲೇ ಇಲ್ಲ ಅಂತ ಪ್ರಮಾಣ ಮಾಡಿ ಹೇಳುವಷ್ಟು ನಂಬಿಕೆ ಬಂದಿತ್ತು. ಅಕ್ಕ ಫೋನಿನಲ್ಲಿ ಜಗಳಕ್ಕೇ ಬಂದಳು, "ಸುಳ್ಳು ಹೇಳಬೇಡ, ಕೆ-ಸೆಟ್ ಪಾಸಾದಾಗ ಇಡೀ ಓಣಿಗೆ ಪೇಡೆ ಹಂಚಿದ್ದು ಯಾರು?"

ಆಗ ನೆನಪಾದದ್ದು ಮನೆಖರ್ಚಿನ ಡೈರಿಗಳು. ನಾನು ಮದುವೆಯಾದಾಗಿನಿಂದ ಬರೆಯುತ್ತಾ ಬಂದಿದ್ದೇನೆ, ಎಲ್ಲಾ ಅಟ್ಟದ ಮೇಲೆ ಇದ್ದವು. ಭಾನುವಾರ ಕೂತು ತೆಗೆದೆ. ಎರಡನೇ ಹೆರಿಗೆಯ ಮುಂಚೆ ಪುಟಗಳು ತುಂಬಿವೆ. ಹೆರಿಗೆ ಆದ ಮೇಲೆ ಕೆಲವು ತಿಂಗಳು ಖಾಲಿ, ಅಲ್ಲಲ್ಲಿ ನಮ್ಮ ಮನೆಯವರ ಅಕ್ಷರದಲ್ಲಿ ಹಾಲು, ಗ್ಯಾಸ್. ಆಮೇಲೆ ಮತ್ತೆ ನನ್ನ ಅಕ್ಷರ ಶುರುವಾಗುತ್ತದೆ. ಜೋಗಕ್ಕೆ ಹೋದಾಗಿನ ಪೆಟ್ರೋಲು. ಸಿನಿಮಾ ಟಿಕೆಟ್ಟು. ಕೆ-ಸೆಟ್ ಪುಸ್ತಕ. ವಾರಕ್ಕೊಮ್ಮೆ ಮಂಡಕ್ಕಿ ಮೆಣಸಿನಕಾಯಿ. ಮಲ್ಲಿಗೆ ಹೂವು, ಅದೂ ಹಬ್ಬ ಇಲ್ಲದ ದಿನ. ಒಂದು ಕಡೆ ಸೀರೆಯ ರೇಟು ಬರೆದು ಪಕ್ಕದಲ್ಲಿ 'ಇವರಿಗೆ ಹೇಳಬಾರದು' ಅಂತ ಬರೆದಿದ್ದೆ. ಖುಷಿಯಾಗಿಲ್ಲದವಳು ಇದನ್ನು ಬರೆಯುವುದಿಲ್ಲ. 2023ರ ಮಳೆಗಾಲಕ್ಕೆ ಮತ್ತೆ ಖಾಲಿ.

ಡೈರಿಗಳನ್ನು ಬ್ಯಾಗಿನಲ್ಲಿ ತುಂಬಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಟ್ಟೆ. ಅವರು ಒಂದೊಂದಾಗಿ ತಿರುವಿ ಹಾಕಿದರು, ಸೀರೆಯ ಪುಟಕ್ಕೆ ಬಂದು ನಕ್ಕರು. ಎಫ್ 34 ಅಲ್ಲ ಅಂತ ಹೇಳಿ ಎಫ್ 33 ಬರೆದರು.

"ಈಗ ಮಾತ್ರೆ ಬದಲಾಗುತ್ತಾ?" ಅಂತ ಕೇಳಿದೆ. ಇಲ್ಲ, ಅದೇ ಮಾತ್ರೆ, ಅದೇ ಡೋಸು. ಬದಲಾಗಿದ್ದು ಎಷ್ಟು ದಿನ ಅನ್ನುವುದು. ಮೊದಲ ಸಲ ಬಂದವರಿಗೆ ವಾಸಿಯಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ ಆಮೇಲೆ ನಿಧಾನವಾಗಿ ಇಳಿಸುತ್ತಾರೆ. ಮತ್ತೆ ಬಂದವರಿಗೆ ಎರಡು ವರ್ಷವೋ ಇನ್ನೂ ಜಾಸ್ತಿಯೋ ಬೇಕಾಗಬಹುದು. ನಾನು ಸಂಕ್ರಾಂತಿ ಹೊತ್ತಿಗೆ ನಿಲ್ಲಿಸುವ ಲೆಕ್ಕ ಹಾಕಿಕೊಂಡಿದ್ದೆ. ಅವ್ವನ ಒಂದು ಮಾತು, ಆ ಡೈರಿಗಳು, ಅದನ್ನು ಎರಡು ವರ್ಷ ಮುಂದಕ್ಕೆ ಹಾಕಿದವು. ಆವತ್ತು ಸಿಟ್ಟು ಬಂದಿತ್ತು. ಆದರೆ ಹೆಸರು ಯಾಕೆ ಬದಲಾಗುತ್ತದೆ ಅನ್ನುವುದಕ್ಕೆ ಉತ್ತರ ಸಿಕ್ಕಿತ್ತು. ಈ ಹೆಸರುಗಳು ಒಂದಕ್ಕಿಂತ ಒಂದು ಕೆಟ್ಟದ್ದು ಅಂತ ಮೆಟ್ಟಿಲು ಕಟ್ಟಿ ನಿಂತಿಲ್ಲ. ಒಂದು ಆಳ ಹೇಳುತ್ತದೆ, ಒಂದು ಉದ್ದ, ಒಂದು ಹಿಂದೆ ಬಂದಿತ್ತಾ ಅಂತ, ಒಂದು ಮನಸ್ಸು ಎರಡೂ ಕಡೆ ಹೋಗುತ್ತದಾ ಅಂತ. ಹೇಳುವವರು ಹೊಸ ವಿಷಯ ಹೇಳಿದಾಗ ಹೆಸರೂ ಬದಲಾಗುತ್ತದೆ.

ಸ್ಟಾಫ್ ರೂಮಿನಲ್ಲಿ ಕೇಳಿದ ಆ ಸಹೋದ್ಯೋಗಿಯ ತಂಗಿಗೆ ಬರೆದದ್ದು ಮಿಕ್ಸೆಡ್ ಆಂಗ್ಸೈಟಿ ಅಂಡ್ ಡಿಪ್ರೆಸಿವ್ ಡಿಸಾರ್ಡರ್. ಎರಡೆರಡು ಕಾಯಿಲೆ ಇದೆ ಅಂತ ಅವರ ಮನೆಯಲ್ಲಿ ಗಾಬರಿಯಾಗಿದ್ದರು. ಐಸಿಡಿಯಲ್ಲಿ ಅದರ ಅರ್ಥ ಹೆಚ್ಚುಕಮ್ಮಿ ಉಲ್ಟಾ: ಆತಂಕವೂ ಇದೆ, ಕುಗ್ಗಿದ ಮನಸ್ಸೂ ಇದೆ, ಆದರೆ ಯಾವುದೂ ಒಂಟಿಯಾಗಿ ಹೆಸರಿಡುವಷ್ಟು ದೊಡ್ಡದಿಲ್ಲ. ಅವರಿಗೆ ಇಷ್ಟು ಹೇಳಿ, ಉಳಿದದ್ದನ್ನು ಡಾಕ್ಟರ್ ಹತ್ತಿರವೇ ಕೇಳಿ ಅಂದೆ. ಯಾವ ಹೆಸರು ಅನ್ನುವುದಕ್ಕಿಂತ, ಎಷ್ಟು ದಿನ ಚಿಕಿತ್ಸೆ, ಏನಾದರೆ ಬೇಗ ಬರಬೇಕು ಅಂತ ಕೇಳಿ ಅಂತಲೂ ಹೇಳಿದೆ.

ಕಾಲೇಜಿನ ರಜೆ ಪತ್ರದಲ್ಲಿ ಇಷ್ಟೆಲ್ಲ ಬೇಕಾಗಲಿಲ್ಲ. ಅನಾರೋಗ್ಯ, ವಿಶ್ರಾಂತಿ ಬೇಕು ಅಂತ ಬರೆದುಕೊಟ್ಟರು, ಸಾಕಾಯಿತು. ರೋಗಿಯ ವಿವರ ಗುಟ್ಟಾಗಿ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ತೊಂದರೆ ಬಂದದ್ದು ಹೆಲ್ತ್ ಇನ್ಶೂರೆನ್ಸ್ ಹೊಸದಾಗಿ ಮಾಡಿಸುವಾಗ. ಅದೇ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಬೇರೆ ಕಾಯಿಲೆಗೆ ಇರುವ ಹಾಗೇ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ವಿಮೆ ಕೊಡಬೇಕು. ಆದರೂ ಏಜೆಂಟ್, "ಯಾಕೆ ಬರೀತೀರಿ ಮೇಡಂ, ಇಲ್ಲ ಅಂತ ಟಿಕ್ ಮಾಡಿಬಿಡಿ" ಅಂದ. ನಾಳೆ ಕ್ಲೇಮ್ ಮಾಡುವಾಗ ಮುಚ್ಚಿಟ್ಟಿದ್ದಾರೆ ಅಂತ ತಿರಸ್ಕರಿಸಿದರೆ ಅವನು ಬರುತ್ತಾನಾ? ಕಾಮರ್ಸ್ ಓದಿದವಳಿಗೆ ಅಷ್ಟು ಗೊತ್ತಾಗುವುದಿಲ್ವಾ? ಹೌದು ಅಂತ ಟಿಕ್ ಮಾಡಿದೆ. ಕಾಯಿಲೆಯ ಹೆಸರು ಬರೆಯುವ ಜಾಗದಲ್ಲಿ ಏನು ಹಾಕಲಿ ಅಂತ ಡಾಕ್ಟರನ್ನು ಕೇಳಿದೆ. ಅಷ್ಟರಲ್ಲಿ ನಾನು ತಿಂಗಳುಗಟ್ಟಲೆ ಚೆನ್ನಾಗಿದ್ದೆ, ಪಿಎಚ್‌ಕ್ಯೂ ಐದರ ಕೆಳಗೆ ಇಳಿದಿತ್ತು. ಅವರು ನಾಲ್ಕನೇ ಹೆಸರು ಬರೆದುಕೊಟ್ಟರು: ಎಫ್ 33.4, ಮರುಕಳಿಸುವ ಡಿಪ್ರೆಷನ್, ಸದ್ಯ ಲಕ್ಷಣಗಳಿಲ್ಲ. ಅದನ್ನೇ ಫಾರ್ಮಿಗೆ ಇಳಿಸಿದೆ. ಕಂಪನಿಯವರು ಡಾಕ್ಟರ ಪತ್ರ ಇನ್ನೊಂದು ಕೇಳಿದರು, ಕೊಟ್ಟೆ. ಪ್ರೀಮಿಯಂ ಸ್ವಲ್ಪ ಜಾಸ್ತಿ ಹಾಕಿ ಪಾಲಿಸಿ ಕಳಿಸಿದರು.